ಬಚ್ಚಲ ಪಕ್ಕದ ಗಿಡ

ನಮ್ಮ ದೊಡ್ಡಮ್ಮನ ಕೈಗೆ ಗುರುತಿಲ್ಲದ ಸೊಪ್ಪೊಂದು ಸಿಕ್ಕಿತೆಂದರೆ ಮನೆಮಂದಿಗೆಲ್ಲ ಪ್ರಾಣಭಯ! ನಗಬೇಡಿ. ಗಿಡದ ಗುರುತು ಹಿಡಿಯಲು ಅವಳಿಗೆ ಗೊತ್ತಿದ್ದ ದಾರಿ ಒಂದೇ. ಎಲೆ ಕಿತ್ತು, ಹುರಿದು, ಕಾಯಿಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುವುದು. ಉಂಡವರು ಮರುದಿನವೂ ಎದ್ದು ಓಡಾಡಿದರೆ ಅದು ಒಳ್ಳೆಯ ಗಿಡ.

ಅರವತ್ತರ ದಶಕದ ಆರಂಭದಲ್ಲಿ, ಹೈಸ್ಕೂಲು ಮಾಸ್ತರನಾಗಿದ್ದ ಅಪ್ಪ ಕುಮಟೆಯಲ್ಲೊಂದು ಹಳೆಯ ಮನೆ ಕೊಂಡ. ಮಾರಿದವರು ಬೊಂಬಾಯಿಗೆ ಹೊರಡುವ ಗಡಿಬಿಡಿಯಲ್ಲಿ ಕೀಲಿಕೈ ಕೊಟ್ಟರೇ ಹೊರತು ಹಿತ್ತಲಿನ ಗಿಡಗಳ ಪರಿಚಯ ಮಾಡಿಕೊಡಲಿಲ್ಲ. ದೊಡ್ಡಮ್ಮ ಎಂದರೆ ತೀರಿಹೋದ ದೊಡ್ಡಪ್ಪನ ಹೆಂಡತಿ. ಇದ್ದದ್ದು ನಮ್ಮ ಜೊತೆಗೇ. ಗಾಡಿಯಿಂದ ಸಾಮಾನು ಇಳಿಯುವ ಮೊದಲೇ ಅವಳು ಹಿತ್ತಲಿಗಿಳಿದಳು. ಒಂದೆಲಗ, ದೊಡ್ಡಪತ್ರೆ, ಬಸಳೆ ಕೂಡಲೇ ಗುರುತು ಸಿಕ್ಕವು. ಇನ್ನೊಂದು ಎಲೆಯನ್ನು ತಿನ್ನುವ ಕೆಸುವೆಂದು ನಂಬಿ ಪತ್ರೊಡೆ ಮಾಡಿದಳು. ಅದು ತುರಿಸುವ ಕೆಸು! ಮಧ್ಯಾಹ್ನದ ತರಗತಿಯಲ್ಲಿ ಅಪ್ಪನ ಗಂಟಲಿನಿಂದ ಪಾಠವೇ ಹೊರಡಲಿಲ್ಲ. ಆ ಹುಡುಗರು ದೊಡ್ಡಮ್ಮನನ್ನು ಈಗಲೂ ನೆನೆಯುತ್ತಿರಬೇಕು.

ಬಾವಿಕಟ್ಟೆಯ ಆಚೆಗಿದ್ದ ಒಂದು ಗಿಡ ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಎದೆಮಟ್ಟ ಎತ್ತರ, ದಪ್ಪ ಎಲೆ. ಹೂವಿಲ್ಲ, ಕಾಯಿಯಿಲ್ಲ, ತಂಬುಳಿಗೆ ರುಚಿಯೂ ಇಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದಳು. ಮೀನು ಮಾರಿ ತನ್ನೂರು ಬಾಡಕ್ಕೆ ಮರಳುತ್ತಿದ್ದವಳು ಅದು ಮಂಡಿನೋವಿಗೆ ಒಳ್ಳೆಯದೆಂದಳು. ಪೋಸ್ಟಿನವನು ಅದಿದ್ದಲ್ಲಿ ಹಾವು ಬರುವುದಿಲ್ಲವೆಂದ. ಹೆಸರು?

"ಹೆಸ್ರು ಗೊತ್ತಿಲ್ರಾ ಅಮ್ಮ, ಗುಣ ಗೊತ್ತು!" ಇಬ್ಬರದೂ ಒಂದೇ ಉತ್ತರ.

ಹೊನ್ನಾವರದ ಮದುವೆಯೊಂದಕ್ಕೂ ಅದರ ಕೊಂಬೆಯನ್ನು ಒಯ್ದಳು, ಹತ್ತೂರಿನವರು ಸೇರುತ್ತಾರಲ್ಲ, ಕೇಳೋಣವೆಂದು. ಮಂಟಪದ ಬದಿಯಲ್ಲಿ ಒಂದು ಗಳಿಗೆ ಇಟ್ಟಿದ್ದೇ ತಡ, ಮಂತ್ರದ ಭರದಲ್ಲಿದ್ದ ಭಟ್ಟರು ಅದನ್ನೆತ್ತಿ ಮಾವಿನೆಲೆಯ ಜೊತೆ ಕಲಶಕ್ಕೆ ಸಿಕ್ಕಿಸಿಬಿಟ್ಟರು. ಮದುವೆ ಸಾಂಗವಾಗಿ ನಡೆಯಿತು. ಹೆಸರು ಸಿಗಲಿಲ್ಲ.

ಅಪ್ಪನಿಗೆ ಆ ಗಿಡವಿದ್ದ ಜಾಗದಲ್ಲಿ ಬಚ್ಚಲು ಕಟ್ಟಬೇಕಿತ್ತು.

"ಅತ್ತಿಗೆ, ದೀಪಾವಳಿವರೆಗೆ ನೋಡ್ತೆ. ಹೆಸರು ಸಿಕ್ರೆ ಇರ್ಲಿ, ಇಲ್ದಿದ್ರೆ ಕಡಸ್ತೆ. ಹೆಸರೇ ಇಲ್ದಿದ್ದಕ್ಕೆ ಈ ಮನೇಲಿ ಎಂತ ಕೆಲಸ?" ಎಂದ.

ಅಷ್ಟು ಮಾತಿಗೆ ದೊಡ್ಡಮ್ಮ ಅಂದು ಊಟ ಬಿಟ್ಟಳು. ಗಿಡಕ್ಕಾಗಿ ಉಪವಾಸ! ಕೇಳಿದ್ದೀರಾ ಎಲ್ಲಾದರೂ? ನಾವಂತೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ದೀಪಾವಳಿ ಕಳೆಯಿತು. ಆಳು ಕತ್ತಿ ಹಿಡಿದು ಬಂದ ಬೆಳಿಗ್ಗೆ ಅವಳು ಗಿಡಕ್ಕೆ ಅಡ್ಡ ನಿಂತಳು.

"ಕಡಿಯಡ. ಹೆಸರು ಸಿಕ್ಕಿದ್ದು."

"ಎಂತ ಹೆಸರು?" ಎಂದ ಅಪ್ಪ.

"ಸುಭದ್ರೆ."

ಅಪ್ಪ ಗಟ್ಟಿಯಾಗಿ ನಕ್ಕ. "ಸುಭದ್ರೆ ಹೇಳಿ ಗಿಡ ಎಲ್ಲಿದ್ದು ಅತ್ತಿಗೆ? ಯಾರು ಹೇಳಿದ್ದು?"

"ಯಾರೂ ಹೇಳಿದ್ದಲ್ಲ. ಅದು ನನ್ನ ಹೆಸರು. ಮದುವೆ ದಿನ ಈ ಮನೆತನದ ಲೆಕ್ಕಕ್ಕೆ ಬೇರೆ ಹೆಸರಿಟ್ಟಾತು. ಅದನ್ನೂ ಯಾರೂ ಕರೆದಿದ್ದಿಲ್ಲೆ. ಅತ್ತಿಗೆ ಆದೆ, ದೊಡ್ಡಮ್ಮ ಆದೆ. ಹಳೇದು ಸುಮ್ನೆ ಬಿದ್ಕಂಡಿತ್ತು. ಇದಕ್ಕಾದ್ರೂ ಆಗ್ಲಿ ಹೇಳಿ ಕೊಟ್ಟೆ."

ಅಪ್ಪನ ನಗು ಅಲ್ಲೇ ನಿಂತಿತು. ಆಳಿಗೆ ಚಹಾ ಕುಡಿಸಿ ಕಳಿಸಿದ. ಬಚ್ಚಲು ಸ್ವಲ್ಪ ಆಚೆ ಸರಿಯಿತು. ಅದರ ನೀರು ಗಿಡದ ಬುಡಕ್ಕೆ ಹರಿಯುವಂತೆ ಅಪ್ಪ ತಾನೇ ಕಾಲುವೆ ತೋಡಿದ.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ, ಜೋತುಬಿದ್ದ ಎಲೆಗಳನ್ನು ಕಂಡು ಅಪ್ಪ ಗಿಡವನ್ನೇ ಮಾತಾಡಿಸಿದ. "ಏ ಸುಭದ್ರೇ..."

"ಓ, ಬಂದೆ!"

ಉತ್ತರ ಬಂದದ್ದು ಅಡುಗೆಮನೆಯಿಂದ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿಬಂದ ದೊಡ್ಡಮ್ಮ, ತನ್ನನ್ನಲ್ಲವೆಂದು ತಿಳಿದು ಅಲ್ಲೇ ನಿಂತಳು. ಅಪ್ಪ ತಲೆಯೆತ್ತಿ ಅವಳನ್ನೇ ನೋಡಿದ. ಈ ಸಲ ನಮಗಾರಿಗೂ ನಗು ಬರಲಿಲ್ಲ. ಅಷ್ಟು ಎಳೆಯ ಸ್ವರದಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.