ನೀರುಮಡಕೆಯ ಬುಡದ ಸೀಸೆ

ದನದ ಆಸ್ಪತ್ರೆಯ ಜವಾನ ಚಲುವಯ್ಯನಿಗೆ ಬೆಳಗ್ಗೆಯೇ ಒಂದು ಫಜೀತಿ ಗಂಟುಬಿದ್ದಿತ್ತು. ಮೈಸೂರಿನಿಂದ ಬಂದ ಡಾಕ್ಟರು ಅವನ ಕೈಗೊಂದು ಪುಟ್ಟ ಸೀಸೆ ಕೊಟ್ಟು, "ಹಸು ಸೊರೆ ಬಿಟ್ಟು ಹಾಲಿಳಿಸೋಕೆ ಕೊಡೋ ಹೊಸ ಔಷಧಿ, ಇನ್ನೂ ಪರೀಕ್ಷೇಲಿದೆ. ಸಂಜೆವರೆಗೂ ತಣ್ಣಗಿರಬೇಕು. ಬಿಸಿಲು ತಾಗಬಾರದು, ಕುಲುಕಬಾರದು. ಕೆಡಿಸಿದೆಯೋ, ಕೆಲಸ ಹೋಯ್ತು ಅಂತಲೇ ತಿಳ್ಕೊ" ಎಂದವರೇ ಹುಣಸೂರಿನ ಕಡೆ ಜೀಪು ಬಿಟ್ಟಿದ್ದರು.

ಆ ಕಾಲದ ಬಿಳಿಕೆರೆಯಲ್ಲಿ ಫ್ರಿಜ್ಜು ಎಲ್ಲಿಂದ ಬರಬೇಕು? ಮನೆಯಳಿಯನಾಗಿದ್ದ ಚಲುವಯ್ಯ, ಅತ್ತೆಯ ನೀರುಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ ಸೀಸೆ ಹೂತಿಟ್ಟು ಆಸ್ಪತ್ರೆಗೆ ಹೋದ.

ಮಧ್ಯಾಹ್ನ ಉಣ್ಣಲು ಬಂದರೆ ಅಂಗಳದ ತುಂಬ ಜನ. ಅತ್ತೆ ದೊಡ್ಡತಾಯಮ್ಮ ಮಡಕೆ ತೊಳೆಯಲು ಹೋಗಿ ಸೀಸೆ ಕಂಡಿದ್ದಳು. ಮನೆಯೊಳಗೆ ಹೂತದ್ದು ಸಿಕ್ಕರೆ ಮಾಟವಲ್ಲದೆ ಇನ್ನೇನು? ಪಕ್ಕದ ಮನೆಯ ಚಿಕ್ಕಬೀರಮ್ಮ ಓಡಿಹೋಗಿ ಮಂತ್ರ ಹಾಕುವ ಮಹದೇವಯ್ಯನನ್ನು ಕರೆತಂದಿದ್ದಳು. ಅವನೋ ನಡುಬಿಸಿಲಲ್ಲಿ ಕೂತು ಸೀಸೆಯನ್ನು ಗಿಲಕಿಯಂತೆ ಕುಲುಕುತ್ತಿದ್ದ!

"ಅಯ್ಯೋ, ಕುಲುಕ್ಬ್ಯಾಡಿ! ನೆಳ್ಳಿಗೆ ತನ್ನಿ!" ಚಲುವಯ್ಯ ಜನರನ್ನು ತಳ್ಳಿಕೊಂಡು ನುಗ್ಗಿದ. "ಅದ ಊತಿಟ್ಟಿದ್ದು ನಾನೇ!"

ಅಂಗಳದವರೆಲ್ಲ ಅವನತ್ತ ತಿರುಗಿದರು.

"ಕೇಳುದ್ರೇನ್ರವ್ವಾ!" ಅತ್ತೆ ಎದೆ ಬಡಿದುಕೊಂಡಳು. "ಉಣ್ಣಾಕಿಕ್ಕಿದ ಮನೆಗೇ ಮಾಟ ಮಾಡ್ಸವ್ನಲ್ಲಾ ನನ್ನಳಿಯ!"

"ಮಾಟ ಅಲ್ಲ ಕಣತ್ತೆ, ಔಸ್ದಿ! ಡಾಕ್ಟ್ರು ಕೊಟ್ಟಿದ್ದು!"

"ಔಸ್ದಿಯ ಯಾರ್ಲಾ ಮರಳಲ್ಲಿ ಊಳೋರು?" ಎಂದು ಮಹದೇವಯ್ಯ ಸೀಸೆಯನ್ನು ಸಾಂಬ್ರಾಣಿ ಕೆಂಡದ ಮೇಲೆ ಹಿಡಿದ.

"ಡಾಕ್ಟ್ರೇ ಬಂದು ಔಸ್ದಿ ಅನ್ಲಿ, ನಂಬ್ತೀನಿ. ಇಲ್ದಿದ್ರೆ ಈ ಹೊಸ್ಲು ತುಳೀಬ್ಯಾಡ ನೀನು!" ಎಂದಳು ಅತ್ತೆ.

ಚಲುವಯ್ಯ ಉಣ್ಣಲೂ ಇಲ್ಲ, ಅಲುಗಲೂ ಇಲ್ಲ. ಡಾಕ್ಟರು ಬಾರದಿದ್ದರೆ ಮನೆ ಹೋಗುತ್ತದೆ, ಬಂದರೆ ಕೆಲಸ ಹೋಗುತ್ತದೆ. ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಸಂಜೆ ಸೀಸೆ ಒಯ್ಯಲು ಡಾಕ್ಟರ ಜೀಪು ಮನೆ ಮುಂದೆ ಬಂದು ನಿಂತದ್ದೇ ತಡ, ಹೋಗಿ ಕಾಲಿಗೆ ಬಿದ್ದ. "ಬಿಸ್ಲಲ್ಲಿಟ್ರು, ಕುಲುಕುದ್ರು, ಕೆಂಡದ್ ಮ್ಯಾಲೂ ಇಡುದ್ರು ಸ್ವಾಮಿ! ಕೆಲ್ಸ ತಗೀಬ್ಯಾಡಿ. ಅದು ಏನು ಅಂತ ಇವ್ರಿಗೊಂದ್ ಮಾತು ಯೋಳ್ಬುಡಿ!"

ಡಾಕ್ಟರು ಒಳ್ಳೆಯವರು. ಅವನ ಬೆನ್ನು ತಟ್ಟಿ ಊರಿಗೆಲ್ಲ ಕೇಳುವಂತೆ ನಕ್ಕರು. "ಹೆದರಬೇಡವೋ, ನಿನ್ನ ಕೆಲಸ ಎಲ್ಲೂ ಹೋಗಲ್ಲ. ಅರ್ಧ ಹಸುಗಳಿಗೆ ಔಷಧಿ, ಇನ್ನರ್ಧಕ್ಕೆ ಬರೀ ನೀರು ಚುಚ್ಚಿ ಹೋಲಿಸಿ ನೋಡ್ತೀವಿ. ಯಾವುದು ಯಾವುದು ಅಂತ ಯಾರಿಗೂ ಹೇಳೋ ಹಾಗಿಲ್ಲ, ಅದಕ್ಕೇ ನಿನಗೂ ಹೇಳಲಿಲ್ಲ. ಇದು ಔಷಧಿಯೇ ಅಲ್ಲ, ನೀರು!"

"ಬರೀ ನೀರಾ!" ಚಿಕ್ಕಬೀರಮ್ಮ ಕೆನ್ನೆ ಬಡಿದುಕೊಂಡಳು. "ಅಪ್ಪಾ ಮಹದೇವಯ್ಯ, ಅಂಥಾ ಮಾಟನ ನೀರು ಮಾಡ್ಬುಟ್ಯಲ್ಲಪ್ಪಾ!"

ಮಹದೇವಯ್ಯ ಮೀಸೆ ತಿರುವಿದ. ದೊಡ್ಡತಾಯಮ್ಮ ಒಳಗೆ ಹೋಗಿ, ಅಳಿಯನ ಟ್ರಂಕು ಎತ್ತಿ ತಂದು ಜೀಪಿನ ಪಕ್ಕ ಇಟ್ಟಳು.