ಸೊಪ್ಪು ಕುಯ್ದ ಕೈ

ಶಾಂಭವಿ ಹುಳುಮನೆಯಲ್ಲಿ ಎರಡನೆಯ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಕೊನೆಯ ಜ್ವರ ಬಿಟ್ಟು, ಪೊರೆ ಕಳಚಿ ಎದ್ದ ರೇಷ್ಮೆಹುಳುಗಳು ಮದುವೆಮನೆಯ ಮೊದಲ ಪಂಕ್ತಿಯವರಂತೆ ತಲೆಯೆತ್ತದೆ ಮೇಯುತ್ತಿದ್ದವು. ಅಷ್ಟರಲ್ಲಿ ಪಕ್ಕದ ಮನೆಯ ಗಿರಿಜಾಂಬಳ ಗಂಟಲು ಕೇಳಿಸಿತು.

"ನನ್ ತೋಟದ್ ಸೊಪ್ಪು ಕುಯ್ಕೊಂಡ್ ಹೋದೋಳ ಕೈ ಸೇದೋಗ!"

ಶಾಂಭವಿ ಕುತೂಹಲದಿಂದ ಹೊರಗೆ ಬಂದಳು. "ಹೋದೋಳೇ ಅಂತ ಹೆಂಗ್ ಗೊತ್ತಾಯ್ತಕ್ಕ?"

"ಸೊಪ್ಪು ಕುಯ್ಯೋರ್ಯಾರು ಮತ್ತೆ, ಗಂಡಸ್ರಾ?"

"ಯಾಕಾಗ್ಬಾರ್ದು? ಇವತ್ತು ನಮ್ಮನೆಯೋರೇ ಕುಯ್ದು ತಂದವ್ರೆ."

ಗಿರಿಜಾಂಬ ಸೊಂಟದ ಮೇಲೆ ಕೈಯಿಟ್ಟಳು. "ನೀಲಕಂಠಪ್ಪ ಸೊಪ್ಪು ಕುಯ್ದ್ನಾ? ಸುಳ್ಳಾಡಿದ್ರೂ ನಂಬೋ ಹಂಗಾದ್ರೂ ಆಡೇ!"

ಮಧ್ಯಾಹ್ನದ ಹೊತ್ತಿಗೆ ಕೂಟಗಲ್ಲಿನ ನಲ್ಲಿಕಟ್ಟೆಯಲ್ಲಿ ಒಂದು ಹೊರೆ ಸೊಪ್ಪು ಒಂದು ಟೆಂಪೊ ಆಗಿತ್ತು. ಕದ್ದವಳು ಶಾಂಭವಿಯಾಗಿದ್ದಳು. ಊರಿಗೆ ನ್ಯಾಯ ಹೇಳುವ ಗವಿಸಿದ್ದಯ್ಯ ಹೇಳಿಕಳಿಸಿದರು: ಸಂಜೆ ಬಸವಣ್ಣನ ಗುಡಿಯ ಮುಂದೆ ಅವಳು ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು.

ಸಂಜೆ ಗಂಡಸರೆಲ್ಲ ಗುಡಿಯ ಜಗಲಿಯ ಮೇಲೆ ಕೂತಿದ್ದರು. ಅವರ ನಡುವೆ ನೀಲಕಂಠನೂ ಇದ್ದ. ಶಾಂಭವಿ ಮುಂದೆ ಬಂದು ಪಟ್ಟನೆ ಕರ್ಪೂರ ಆರಿಸಿದಳು. ಅಂಗೈ ಚುರ್ ಎಂದಿತು.

"ಹಂಗಾದ್ರೆ ಇವಳ ಮನೇಗೆ ಸೊಪ್ಪು ಎಲ್ಲಿಂದ ಬಂತು?" ಗಿರಿಜಾಂಬ ಬಿಡಲಿಲ್ಲ.

ಶಾಂಭವಿ ಗಂಡನ ಕಡೆ ತಿರುಗಿದಳು. "ರೀ, ನೀವೇ ಹೇಳಿ. ನಮ್ ತೋಟದಿಂದ ಸೊಪ್ಪು ತಂದಿದ್ದು ನೀವೇ ಅಲ್ವಾ?"

ನೀಲಕಂಠ ಅಕ್ಕಪಕ್ಕದವರ ಮುಖ ನೋಡಿದ. "ನಾನ್ಯಾಕ್ ಸೊಪ್ಪು ಕುಯ್ಲಿ? ಅದು ಹೆಂಗಸ್ರ ಕೆಲ್ಸ."

ಜಗಲಿ ನಕ್ಕಿತು. ನಾಚಿಕೆಗೆ ಹೀಗಂದನೇನೋ ಎಂದು ಶಾಂಭವಿ ಯೋಚಿಸಿದಳು. ಗಂಡಸು ಆಣೆ ಮಾಡಿದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ. ಹೇಗಿರುತ್ತದೋ ನೋಡಬೇಕೆನಿಸಿತು.

"ಅಯ್ನೋರೆ, ಇವ್ರೂ ಒಂದ್ಸಲ ಕರ್ಪೂರ ಆರಿಸ್ಬುಡ್ಲಿ. ಬಸವಣ್ಣ ಬ್ಯಾಡ ಅಂತಾನಾ?"

"ಅದೂ ಸರೀನೇ," ಎಂದುಬಿಟ್ಟಳು ಗಿರಿಜಾಂಬ. ಹೆಂಗಸರೆಲ್ಲ ಹ್ಞೂಂಗುಟ್ಟಿದರು. ಗವಿಸಿದ್ದಯ್ಯ ಕೆಮ್ಮಿದರು. ಆದರೂ ಕರ್ಪೂರ ಹಚ್ಚಬೇಕಾಯಿತು.

ನೀಲಕಂಠ ಕೈ ಚಾಚಿದ. ಕಾದ ಕಾವಲಿ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ. ಕರ್ಪೂರ ತಾನಾಗಿಯೇ ಉರಿದು ಹೋಯಿತು.

"ಗಾಳಿ ಐತೆ," ಎಂದ.

"ಎಲ್ಲೈತಪ್ಪ ಗಾಳಿ? ಇನ್ನೊಂದು ಹಚ್ರಿ!" ಎಂದಳು ಗಿರಿಜಾಂಬ.

ಎರಡನೆಯದಕ್ಕೆ ನೀಲಕಂಠನ ಹಣೆ ಬೆವರಿತು. "ನಾನೇ ಕಣ್ರಪ್ಪ ಕುಯ್ದಿದ್ದು. ನಮ್ ತೋಟ ಆ ಕೊನೇಲೈತೆ. ಗಿರಿಜಕ್ಕಂದು ದಾರಿ ಪಕ್ಕದಲ್ಲೇ. ಅಷ್ಟು ದೂರ ಯಾರ್ ನಡೀತಾರೆ ಅಂತ..."

ಸ್ವಂತ ತೋಟದ ತುಂಬ ಸೊಪ್ಪಿಟ್ಟುಕೊಂಡು ಈ ಮನುಷ್ಯ ಸೋಮಾರಿತನಕ್ಕೆ ಕಳ್ಳನಾಗಿದ್ದ! ಈಗ ಗಂಡಸಿಗೆ ಏನು ಶಿಕ್ಷೆ ಕೊಡುತ್ತಾರೆ ಎಂದು ಶಾಂಭವಿ ಗವಿಸಿದ್ದಯ್ಯನವರ ಬಾಯನ್ನೇ ನೋಡಿದಳು.

ಅವರು ಕಣ್ಣು ಮುಚ್ಚಿ ತೆರೆದರು. "ಪಾಪ, ಒಳ್ಳೆ ಹುಡ್ಗ. ಬೆಳಗಾನೆ ಗಂಡಸ್ನ ಸೊಪ್ಪಿಗೆ ಅಟ್ಟಿದ್ದು ಯಾರ್ ತಪ್ಪು? ಹೆಂಡ್ತಿ ಹೋಗಿದ್ರೆ ಕಳ್ತನ ಆಯ್ತಿತ್ತಾ? ಈ ಬೆಳೆ ಮುಗಿಯೋಗಂಟ ಶಾಂಭವಿನೇ ಗಿರಿಜಾಂಬನ ಮನೇಗೂ ಸೊಪ್ಪು ಕುಯ್ದು ಹಾಕ್ಲಿ."

ಜಗಲಿ ತಲೆದೂಗಿತು. ಎಲ್ಲರಿಗಿಂತ ಜೋರಾಗಿ ತಲೆದೂಗಿದವನು ನೀಲಕಂಠ.

ಮನೆಯ ದಾರಿಯಲ್ಲಿ ಅವನು ಸಮಾಧಾನ ಹೇಳಿದ. "ಹೋಗ್ಲಿ ಬುಡು. ಹುಳ ಗೂಡು ಕಟ್ಲಿ, ರಾಮನಗರದ ಮಾರ್ಕೆಟ್‌ಗೆ ನಾನೇ ಹೊತ್ಕೊಂಡ್ ಹೋಯ್ತೀನಿ. ನೀನೇನ್ ಬರೋದ್ ಬ್ಯಾಡ."

ಕಳ್ಳತನ ತನ್ನ ಹೆಸರಿಗೆ ಬಂದ ಮೇಲೆ ಗೂಡೂ ತನ್ನ ಹೆಸರಿನಲ್ಲೇ ಮಾರ್ಕೆಟ್ಟಿಗೆ ಬೀಳಲಿ, ದುಡ್ಡೂ ತನ್ನ ಕೈಗೇ ಬರಲಿ, ತಾನೇ ಮೊದಲ ಬಸ್ಸಿಗೆ ಹೊರಡುವುದು ಎಂದು ಶಾಂಭವಿ ಅಷ್ಟರಲ್ಲೇ ತೀರ್ಮಾನಿಸಿಯಾಗಿತ್ತು. ಪಕ್ಕದಲ್ಲಿ ನೀಲಕಂಠ ನೆಮ್ಮದಿಯಾಗಿ ಆಕಳಿಸಿದ.