ಮೀಟರಪ್ಪನ ಪ್ಲಾಸ್ಟರ್ ಪ್ರಕರಣ

ತನ್ನ ಕಾಲು ಮುರಿಯಲು ಹೆಂಡತಿಯೇ ಕಾರಣ ಎಂಬುದು ಮೀಟರಪ್ಪನ ದೃಢವಾದ ಅಭಿಪ್ರಾಯ. "ಮಂಚದ ಮೇಲೆ ಸ್ಟೂಲ್ ಇಟ್ಟು ಹತ್ತಬೇಡಿ" ಎಂದು ಅವಳು ಹೇಳದೇ ಇದ್ದಿದ್ದರೆ ಅವನು ಹತ್ತುತ್ತಲೇ ಇರಲಿಲ್ಲ. ಮೂಲೆಯ ಜೇಡರ ಬಲೆ ವರ್ಷದಿಂದ ಅಲ್ಲೇ ಇತ್ತು. ಅವನಿಗೂ ಆ ಜೇಡಕ್ಕೂ ಯಾವ ವೈಮನಸ್ಯವೂ ಇರಲಿಲ್ಲ. ಬೇಡ ಎಂದಳಲ್ಲ, ಹತ್ತಿದ. ಸ್ಟೂಲ್ ವಾಲಿತು. ಪಾದ ಅದರ ಅಡ್ಡಪಟ್ಟಿಯಲ್ಲಿ ಸಿಕ್ಕಿಕೊಂಡು ಅಲ್ಲೇ ನಿಂತಿತು, ಉಳಿದ ಮೀಟರಪ್ಪ ಬೇರೊಂದು ದಿಕ್ಕಿಗೆ ತಿರುಗಿ ನೆಲ ಸೇರಿದ. ಪಕ್ಕದ ಕೋಣೆಯಲ್ಲಿ ಗಿರಾಕಿಗಳ ಬಟ್ಟೆ ಹೊಲಿಯುತ್ತಿದ್ದ ಹೆಂಡತಿಗೆ ಹೊಲಿಗೆ ಯಂತ್ರದ ಗಲಾಟೆಯ ನಡುವೆಯೂ ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು.

"ಏನ್ರೀ ಅದು ಮುರಿದಿದ್ದು?"

"ಸ್ಟೂಲ್ ಅಲ್ಲ," ಎಂದ ಮೀಟರಪ್ಪ, ನೆಲದಿಂದಲೇ.

ಅವನ ಕೆಲಸ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವುದು. ಬೀದಿಯವರೇ ಇಟ್ಟ ಹೆಸರದು. ದಿನಕ್ಕೆ ಇನ್ನೂರು ಮನೆ ಸುತ್ತಿ ಬಂದರೂ ಮನೆಯಲ್ಲಿ ಕೂರುವ ಜಾಯಮಾನದವನಲ್ಲ. ಹಲ್ಲುಜ್ಜುತ್ತಾ ಅಂಗಳ ಸುತ್ತುತ್ತಿದ್ದ, ಪೇಪರನ್ನು ನಡೆಯುತ್ತಲೇ ಓದುತ್ತಿದ್ದ. (ಅದಕ್ಕೇ ಯಾವ ಸುದ್ದಿಯೂ ಅವನಿಗೆ ಪೂರ್ತಿ ಗೊತ್ತಿರುತ್ತಿರಲಿಲ್ಲ.) ಅಂಥವನ ಕಾಲೇ ಮುರಿದಿತ್ತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕಾಲಿನ ಕೆಳಗಿನ ದಪ್ಪ ಮೂಳೆಯಲ್ಲಿ ಓರೆಯಾಗಿ ಒಂದು ಗೆರೆ ಇತ್ತು.

"ಚರ್ಮ ಹರಿದಿಲ್ಲ, ಒಳಗೊಳಗೇ ಮುರಿದಿದೆ. ಜಾಸ್ತಿ ಜರುಗಿಯೂ ಇಲ್ಲ. ಎಳೆದು ನೇರ ಮಾಡಿ ಪ್ಲಾಸ್ಟರ್ ಹಾಕ್ತೀನಿ, ಆಪರೇಷನ್ ಬೇಡ."

"ಹಾಗಾದ್ರೆ ಸೋಮವಾರ ಡ್ಯೂಟಿಗೆ ಹೋಗಬಹುದು ಅನ್ನಿ."

"ಯಾವ ತಿಂಗಳ ಸೋಮವಾರ?" ಎಂದರು ಡಾಕ್ಟರಮ್ಮ.

ತೊಡೆಯಿಂದ ಪಾದದವರೆಗೆ ಬಿಳಿಯ ಕಂಬವೊಂದು ಸಿದ್ಧವಾಯಿತು. ತುದಿಯಲ್ಲಿ ಐದು ಬೆರಳು ಮಾತ್ರ ಹೊರಗೆ ಇಣುಕುತ್ತಿದ್ದವು. ಡಾಕ್ಟರಮ್ಮ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಕಾಲು ದಿಂಬಿನ ಮೇಲೆ ಎತ್ತರದಲ್ಲಿರಬೇಕು, ಬೆರಳು ನೀಲಿಯಾದರೆ, ಜೋಮು ಹಿಡಿದರೆ, ತಡೆಯಲಾಗದ ನೋವು ಬಂದರೆ ಒಂದು ಗಳಿಗೆಯೂ ಕಾಯದೆ ಕರೆದುಕೊಂಡು ಬರಬೇಕು ಎಂದರು. ಹೆಂಡತಿ ಇದನ್ನು ರಾಜಾಜ್ಞೆಯಂತೆ ಸ್ವೀಕರಿಸಿದಳು. ಗಂಟೆಗೊಮ್ಮೆ ಯಂತ್ರ ನಿಲ್ಲಿಸಿ ಬಂದು ನಿಲ್ಲುತ್ತಿದ್ದಳು.

"ಬೆರಳು ಅಲ್ಲಾಡಿಸಿ."

"ಈಗ ತಾನೇ ಅಲ್ಲಾಡಿಸಿದ್ನಲ್ಲೇ."

"ಅದು ಹತ್ತು ಗಂಟೆದು. ಇದು ಹನ್ನೊಂದು ಗಂಟೆದು."

ಮೊದಲ ವಾರ ನೋವಿನಲ್ಲೇ ಕಳೆಯಿತು. ಎರಡನೇ ವಾರ ನೋವು ಇಳಿದು ಚಡಪಡಿಕೆ ಏರಿತು. ಪ್ಲಾಸ್ಟರಿನ ಒಳಗೆ ಇರುವೆಗಳು ಮೆರವಣಿಗೆ ಹೊರಟಂಥ ತುರಿಕೆ. ಕೆರೆಯಲು ಹೆಂಡತಿಯ ಮರದ ಸ್ಕೇಲಿಗೆ ಕೈಚಾಚಿದ. ಒಳಗೆ ಏನನ್ನೂ ತೂರಿಸಬಾರದೆಂದು ಡಾಕ್ಟರಮ್ಮ ಹೇಳಿದ್ದರಿಂದ ಅವಳು ಸ್ಕೇಲನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದಳು. ಕಾಲು ಓಡಾಡದಿದ್ದರೆ ಬಾಯಿಯಾದರೂ ಓಡಾಡಲಿ ಎಂದು ಮೀಟರಪ್ಪ ಮಂಚದಿಂದಲೇ ಆಡಳಿತ ಶುರುಮಾಡಿದ. ಅಳತೆ ಕೊಡಲು ಬಂದವರನ್ನು ಪರದೆಯ ಹಿಂದಿನಿಂದ ವಿಚಾರಿಸುತ್ತಿದ್ದ: "ಮೂಲೆ ಮನೆಯವರಾ? ನಿಮ್ಮ ನೀರಿನ ಪಂಪು ವಿಪರೀತ ಕರೆಂಟ್ ತಿನ್ನುತ್ತೆ, ನೋಡಿಸಿ." ಇದಲ್ಲದೆ ತಮ್ಮ ಮನೆಯ ಮೀಟರನ್ನು ದಿನಕ್ಕೆ ಮೂರು ಸಲ ಓದಿ ಒಪ್ಪಿಸುವ ಹೊಣೆಯನ್ನೂ ಹೆಂಡತಿಗೆ ವಹಿಸಿದ್ದ.

"ನಾನು ಬಟ್ಟೆ ಹೊಲೀಲೋ, ನಿಮ್ಮ ಮೀಟರ್ ಕಾಯ್ಲೋ?"

"ಎದ್ದು ಓಡಾಡಕ್ಕೆ ಬಿಡು, ನಾನೇ ನೋಡ್ಕೋತೀನಿ."

"ಡಾಕ್ಟರು ಹೇಳಲಿ, ಬಿಡ್ತೀನಿ."

ಮೂರನೇ ವಾರ ಅವಳು ದಾರ ತರಲು ಹೋದಾಗ ಅವನು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಊರುಗೋಲು ಹಿಡಿದು ಎದ್ದ. ನಡುಮನೆಯವರೆಗಿನ ದಂಡಯಾತ್ರೆ ದಿಗ್ವಿಜಯದಂತೆ ಸಾಗಿತು. ಆಮೇಲೆ ತಲೆ ಗಿರ್ರೆಂದು ತಿರುಗಿ, ಮೆಲ್ಲಗೆ ನೆಲದ ಮೇಲೆ ಕೂತ. ಕೂತವನಿಗೆ ಏಳಲಾಗಲಿಲ್ಲ. ಹೆಂಡತಿ ಬರುವಷ್ಟರಲ್ಲಿ ಕಾಲು ಚಾಚಿಕೊಂಡು ನೆಲದ ಹಾಸುಗಲ್ಲುಗಳನ್ನು ಎರಡು ಸಲ ಎಣಿಸಿ ಮುಗಿಸಿದ್ದ. ಅವಳು ಅವನನ್ನು ನೇರ ಆಸ್ಪತ್ರೆಗೆ ಕರೆದೊಯ್ದು ಮತ್ತೆ ಎಕ್ಸ್‌ರೇ ತೆಗೆಸಿದಳು. ಆ ಅರ್ಧ ಗಂಟೆ ಅವಳ ಮುಖ ಸುಣ್ಣದಂತಿತ್ತು. ಮೀಟರಪ್ಪ ಅದನ್ನು ನೋಡಿದ. ಯಾರೂ ಕೇಳದಿದ್ದರೂ ಬೆರಳು ಅಲ್ಲಾಡಿಸಿ ತೋರಿಸಿದ.

"ಮೂಳೆ ಜರುಗಿಲ್ಲ," ಎಂದರು ಡಾಕ್ಟರಮ್ಮ. "ಜರುಗಿದ್ರೆ ಆಪರೇಷನ್ ಮಾಡಿ ಸರಳು ಹಾಕಬೇಕಿತ್ತು." ಎಷ್ಟುದ್ದದ ಸರಳು ಎಂದು ಕೈಯಲ್ಲಿ ತೋರಿಸಿದರು ಕೂಡ.

ಆ ಸರಳು ಮೀಟರಪ್ಪನ ಮನಸ್ಸಿನಲ್ಲಿ ಹೊಕ್ಕು ಕೂತಿತು. ಅಂದಿನಿಂದ ಅವನು ಮಗ್ಗುಲು ಬದಲಿಸುವಾಗಲೂ ಕಾಲಿನ ಅಪ್ಪಣೆ ಕೇಳತೊಡಗಿದ.

ಆರನೇ ವಾರ ಡಾಕ್ಟರಮ್ಮ ಉದ್ದದ ಪ್ಲಾಸ್ಟರನ್ನು ಕತ್ತರಿಸಿ ತೆಗೆದರು. ಮೊಣಕಾಲು ಮಡಚಲು ಬರುವಂಥ ಗಿಡ್ಡ ಪ್ಲಾಸ್ಟರ್ ಹಾಕಿ, ಅಡಿಗೆ ರಬ್ಬರಿನ ಹಿಮ್ಮಡಿ ಅಂಟಿಸಿದರು.

"ಮೂಳೆ ಕೂಡ್ತಾ ಇದೆ. ಇನ್ನು ಊರುಗೋಲು ಹಿಡ್ಕೊಂಡು ಕಾಲಿನ ಮೇಲೆ ಭಾರ ಹಾಕಿ ನಡೀರಿ. ದಿನಾ ಎರಡು ಸಲ."

"ಭಾರ ಅಂದ್ರೆ, ಯಾರ ಭಾರ?" ಎಂದ ಮೀಟರಪ್ಪ.

"ನಿಮ್ಮದೇ."

ಮೂರನೇ ವಾರದವರೆಗೆ ಎದ್ದು ಓಡಾಡಲು ಬಿಡು ಎಂದು ಜೀವ ತಿಂದವನು ಈಗ ಮಂಚ ಬಿಟ್ಟು ಅಲ್ಲಾಡಲಿಲ್ಲ. ಹೆಂಡತಿ ಗದರಿಸಿದಳು, ರಮಿಸಿದಳು. ಅವನದು ಒಂದೇ ಮಾತು.

"ಡಾಕ್ಟರು ಸಾವಿರ ಹೇಳ್ತಾರೆ. ಮುರಿದ್ರೆ ಸರಳು ಅವರ ಕಾಲಿಗೆ ಹಾಕ್ತಾರಾ?"

"ಭಾರ ಬಿದ್ರೇನೇ ಮೂಳೆ ಗಟ್ಟಿಯಾಗೋದು ಅಂದ್ರಲ್ರೀ."

"ನಾಳೆ ನೋಡೋಣ."

ಹತ್ತು ನಾಳೆಗಳು ಕಳೆದವು. ಹನ್ನೊಂದನೆಯ ದಿನ ಬೆಳಗ್ಗೆ ಅವನ ಬದಲಿಗೆ ನೇಮಕವಾಗಿದ್ದ ಹುಡುಗಿ ಮೀಟರ್ ಓದಲು ಬಂದಳು. ಹೆಂಡತಿ ಬಾಗಿಲಲ್ಲಿ ಅವಳೊಡನೆ ಏನೋ ಪಿಸುಗುಟ್ಟಿ ಒಳಗೆ ಬಂದು ಹೊಲಿಗೆಗೆ ಕೂತಳು. ಹೊರಗಿನಿಂದ ಹುಡುಗಿ ದೊಡ್ಡ ದನಿಯಲ್ಲಿ ಓದಿದಳು:

"ಏಳು ಸಾವಿರದ ಇನ್ನೂರ ಹತ್ತು."

ಮೀಟರಪ್ಪ ದಿಂಬಿನಿಂದ ತಲೆ ಎತ್ತಿದ. ಅಂದು ಬೆಳಗ್ಗೆ ಹೆಂಡತಿ ಒಪ್ಪಿಸಿದ್ದು ಏಳು ಸಾವಿರದ ನೂರ ಇಪ್ಪತ್ತು.

"ತಪ್ಪು, ತಪ್ಪು. ಇನ್ನೊಂದ್ಸಲ ನೋಡಮ್ಮ."

"ನೋಡ್ದೆ ಸಾರ್. ಇನ್ನೂರ ಹತ್ತೇ," ಎನ್ನುತ್ತಾ ಹುಡುಗಿ ಗೇಟು ದಾಟಿದಳು.

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದಂಕಿಯೂ ತಪ್ಪಿರದ ಬೀದಿ ಅದು. ಮೀಟರಪ್ಪ ಒಂದೇ ಒಂದು ಊರುಗೋಲು ಹಿಡಿದು ಎದ್ದ. ಟಕ್, ಟಕ್ ಎಂದು ರಬ್ಬರ್ ಹಿಮ್ಮಡಿ ಊರುತ್ತಾ ಬಾಗಿಲು ದಾಟಿದ, ಗೇಟು ದಾಟಿದ. ಹುಡುಗಿಯ ನಡಿಗೆ ಚುರುಕು. ಅವನು ಒಂದು ಗೇಟು ತಲುಪುವಷ್ಟರಲ್ಲಿ ಅವಳು ಮುಂದಿನದಕ್ಕೆ ಹೋಗಿರುತ್ತಿದ್ದಳು. ಪ್ರತಿ ಗೇಟಿನಲ್ಲೂ ಮನೆಯವರು ಹೊರಗೆ ಬಂದು ಬೆರಗಾಗಿ ವಿಚಾರಿಸುತ್ತಿದ್ದರು. ಮೀಟರಪ್ಪ ಪ್ರತಿ ಗೇಟಿನಲ್ಲೂ ನಿಂತು ಅದನ್ನೇ ವಿವರಿಸುತ್ತಿದ್ದ: "ತೊಂಬತ್ತು ಯೂನಿಟ್ ತಪ್ಪು ಓದಿದ್ದಾಳೆ. ನಾನು ಮಲಗಿದಲ್ಲಿಂದಲೇ ಹಿಡಿದೆ. ಅನುಭವ ಅಂದ್ರೆ ಇದು."

ಎಂಟನೇ ಮನೆಯ ಹತ್ತಿರ ಅವಳು ಸಿಕ್ಕಳು.

"ಕೊಡಮ್ಮ ಆ ಪುಸ್ತಕ."

ಅವಳು ಕೊಟ್ಟಳು. ಅವನ ಮನೆಯ ಸಾಲಿನಲ್ಲಿ ಮುತ್ತು ಪೋಣಿಸಿದಂತೆ ಅಂಕಿಗಳಿದ್ದವು. ಏಳು ಸಾವಿರದ ನೂರ ಇಪ್ಪತ್ತು.

"ಸರಿಯಾಗೇ ಬರೆದಿದ್ದೀನಿ ಸಾರ್," ಎಂದಳು ಹುಡುಗಿ ಸಂಕೋಚದಿಂದ. "ತಪ್ಪು ಓದಿದ್ರೆ ನೀವು ಎದ್ದು ಬರ್ತೀರಿ ಅಂತ ಅಕ್ಕ ಹೇಳಿದ್ರು. ನಾನೇ ನಂಬಿರಲಿಲ್ಲ."

ಮೀಟರಪ್ಪ ತಿರುಗಿ ನೋಡಿದ. ದೂರದಲ್ಲಿ ಹೆಂಡತಿ ಗೇಟಿಗೆ ಒರಗಿ ನಿಂತಿದ್ದಳು.

"ಕಾಲು ನೋಯ್ತಾ ಇದೆ ಕಣೇ, ಒಂದು ಕುರ್ಚಿ ತಗೊಂಡು ಬಾ," ಎಂದು ಕೂಗಿದ.

"ಕುರ್ಚಿ ತುಂಬಾ ಬಟ್ಟೆ ಇದೆ. ನಿಧಾನ ನಡ್ಕೊಂಡು ಬನ್ನಿ. ಹೋಗಿದ್ದು ಮೊದಲನೇ ಸಲದ್ದು, ಇದು ಎರಡನೇ ಸಲದ್ದು."

ಅಷ್ಟರಲ್ಲಿ ಎಂಟನೇ ಮನೆಯವರು ನಗುತ್ತಾ ಏಳನೇ ಮನೆಯವರಿಗೆ ಏನೋ ಹೇಳಿದರು. ಏಳನೆಯವರು ಕಾಂಪೌಂಡಿನ ಮೇಲಿಂದ ಬಾಗಿ ಆರನೆಯವರಿಗೆ ಹೇಳಿದರು. ಒಂದೊಂದು ಗೇಟಿನಲ್ಲೂ ಜನ ಸಾಲಾಗಿ ನಿಂತು, ತಪ್ಪು ಹಿಡಿದದ್ದು ಹೇಗೆಂದು ಇನ್ನೊಮ್ಮೆ ಕೇಳಲು ಕಾಯತೊಡಗಿದರು. ಮೀಟರಪ್ಪ ತಲೆ ತಗ್ಗಿಸಿ ಹೊರಟ. ಎರಡೂ ಕಾಲು ನೆಟ್ಟಗಿದ್ದ ಕಾಲದಲ್ಲೂ ಅವನು ಆ ಬೀದಿಯನ್ನು ಅಷ್ಟು ಬೇಗ ದಾಟಿರಲಿಲ್ಲ.